ಹೊಸ ಪಿಡಿಒಗಳಿಗೆ: ಕುರ್ಚಿಯಲ್ಲಿ ಕೂತ ಮೇಲೆ ಕಲಿಯಬೇಕಾದದ್ದು

ಕೆಪಿಎಸ್‌ಸಿ 2024ರಲ್ಲಿ 247 ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹುದ್ದೆಗಳಿಗೆ ಅರ್ಜಿ ಕರೆದಾಗ ಓದುವವರಿಗೆ ಪುಸ್ತಕ, ಕೋಚಿಂಗ್, ಯೂಟ್ಯೂಬ್ ಪಾಠ ಯಾವುದಕ್ಕೂ ಕೊರತೆ ಇರಲಿಲ್ಲ. ಪರೀಕ್ಷೆ ಪಾಸಾಗುವುದನ್ನು ಹೇಳಿಕೊಡುವವರು ಊರೂರಲ್ಲೂ ಇದ್ದಾರೆ. ಪಾಸಾಗಿ, ಆದೇಶ ಕೈಗೆ ಬಂದು, ಗ್ರಾಮ ಪಂಚಾಯಿತಿ ಕಚೇರಿಯ ಕುರ್ಚಿಯಲ್ಲಿ ಕೂತ ಮೇಲೆ ಏನು ಮಾಡಬೇಕು ಅಂತ ಹೇಳಿಕೊಡುವವರು ತುಂಬಾ ಕಡಿಮೆ.

ರಾಜ್ಯದಲ್ಲಿ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಿವೆ. ಕುಡಿಯುವ ನೀರು, ಬೀದಿದೀಪ, ಕಂದಾಯ, ಇ-ಸ್ವತ್ತು (ಹಳ್ಳಿಯ ಆಸ್ತಿಗಳ ಆನ್‌ಲೈನ್ ದಾಖಲೆ), ಗ್ರಾಮ ಸಭೆ, ಕಾಮಗಾರಿ ಬಿಲ್ಲು ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಪಿಡಿಒ ಟೇಬಲ್ ಮೇಲೆ. ನಿನ್ನೆಯವರೆಗೆ ಓದುತ್ತಾ ಕೂತಿದ್ದ ಹುಡುಗ ಅಥವಾ ಹುಡುಗಿ ಇವತ್ತು ಹಲವು ಹಳ್ಳಿಗಳ ಆಡಳಿತ ನೋಡಬೇಕು, ತಮಗಿಂತ ಎರಡು ಪಟ್ಟು ವಯಸ್ಸಿನ ಸಿಬ್ಬಂದಿಯಿಂದ ಕೆಲಸ ತೆಗೆಯಬೇಕು, ಚುನಾಯಿತ ಸದಸ್ಯರ ಜೊತೆ ಹೊಂದಿಕೊಂಡು ಹೋಗಬೇಕು. ಇದು ನಾಯಕತ್ವದ ಕೆಲಸ. ನಮ್ಮಲ್ಲಿ ಮಾತ್ರ ಇದನ್ನು ಗುಮಾಸ್ತಿಕೆ ಕೆಲಸದ ಹಾಗೆ ನೋಡುತ್ತಾರೆ, ಕಲಿಸುವುದನ್ನೂ ಹಾಗೇ ಕಲಿಸುತ್ತಾರೆ.

ನಾನು ಇಲ್ಲಿ ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ವಿಷಯ. ಈ ಕೆಲಸವನ್ನು ಒಬ್ಬರೇ ಕೂತು ಕಲಿಯಲು ಹೋಗಬೇಡಿ. ತರಬೇತಿ ಸಂಸ್ಥೆ, ನಿಯಮದ ಪುಸ್ತಕ, ಪಕ್ಕದ ಪಂಚಾಯಿತಿಯ ಹಿರಿಯರು, ನಿಮ್ಮ ಕೈಕೆಳಗಿನ ನೀರುಗಂಟಿ, ಎಲ್ಲರ ಬೆಂಬಲವನ್ನೂ ಮೊದಲ ವರ್ಷದಲ್ಲೇ ಕಟ್ಟಿಕೊಳ್ಳಿ. ಪಿಡಿಒಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಹೊಸದಾಗಿ ಬಡ್ತಿ ಸಿಕ್ಕಿದ ಶಿರಸ್ತೇದಾರರಿಗೂ, ಪಟ್ಟಣ ಪಂಚಾಯಿತಿ ಮುಖ್ಯಾಧಿಕಾರಿಗಳಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಚಾರ್ಜ್ ತಗೊಳ್ಳುವ ದಿನ

ಹಾರ, ಶಾಲು, ಫೋಟೊ ಎಲ್ಲ ಆಗುತ್ತದೆ, ಆಗಲಿ. ಆದರೆ ಸಹಿ ಹಾಕುವ ಮೊದಲು ಕೆಲವನ್ನು ಕಣ್ಣಾರೆ ನೋಡಿ. ನಗದು ಪುಸ್ತಕದ ಕೊನೆಯ ಪುಟ. ಪ್ರತಿ ಬ್ಯಾಂಕ್ ಖಾತೆಯಲ್ಲಿ ಅವತ್ತು ಇರುವ ಹಣ. ಬಳಸದೆ ಉಳಿದ ಚೆಕ್ಕುಗಳು, ರಸೀದಿ ಪುಸ್ತಕಗಳು. ದಾಸ್ತಾನು ಪುಸ್ತಕ. ತೆರಿಗೆಯ ಬೇಡಿಕೆ, ವಸೂಲಿ, ಬಾಕಿ ತೋರಿಸುವ ಡಿಸಿಬಿ. ಉತ್ತರ ಹೋಗದ ಮಾಹಿತಿ ಹಕ್ಕು ಅರ್ಜಿಗಳು, ನಡೆಯುತ್ತಿರುವ ಕೋರ್ಟ್ ಕೇಸುಗಳು, ಅನುಪಾಲನಾ ವರದಿ ಕಳಿಸದ ಆಡಿಟ್ ಆಕ್ಷೇಪಣೆಗಳು. ಇವೆಲ್ಲ ಚಾರ್ಜ್ ಪಟ್ಟಿಯಲ್ಲಿ ಸಾಲುಸಾಲಾಗಿ ಬರಬೇಕು. ಏನಾದರೂ ಸಿಗದಿದ್ದರೆ 'ಹಾಜರುಪಡಿಸಿಲ್ಲ' ಅಂತ ಬರೆದೇ ಸಹಿ ಮಾಡಿ. ಹಿಂದಿನವರಿಗೆ ಬೇಜಾರಾಗಬಹುದು. ಎರಡು ವರ್ಷ ಕಳೆದು ಆಡಿಟ್‌ನವರು ಬಂದಾಗ ಉತ್ತರ ಹೇಳಬೇಕಾದವರು ನೀವು, ಅಲ್ವಾ?

ಡಿಜಿಟಲ್ ಸಹಿಯ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನ) ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. 15ನೇ ಹಣಕಾಸು ಆಯೋಗದ ದುಡ್ಡು ಇ-ಗ್ರಾಮ್‌ಸ್ವರಾಜ್ ಅನ್ನುವ ಕೇಂದ್ರದ ಆನ್‌ಲೈನ್ ವ್ಯವಸ್ಥೆಯ ಮೂಲಕ ಪಾವತಿಯಾಗುತ್ತಿತ್ತು, ಅಲ್ಲಿ ನಿಮ್ಮ ಡಾಂಗಲ್‌ಗೇ ಸಹಿಯ ಬೆಲೆ. ಎಷ್ಟೋ ಕಚೇರಿಗಳಲ್ಲಿ ಡಾಂಗಲ್ ಇರುವುದು ಕಂಪ್ಯೂಟರ್ ಆಪರೇಟರ್ ಡ್ರಾಯರ್‌ನಲ್ಲಿ. ಅದರ ಪಿನ್ ಮಾನಿಟರ್‌ಗೆ ಅಂಟಿಸಿದ ಹಳದಿ ಚೀಟಿಯಲ್ಲಿ. ಅಧ್ಯಕ್ಷರ ಡಾಂಗಲ್ ಕೂಡ ಅಲ್ಲೇ, ಒಂದೇ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಟ್ಟಿರುತ್ತಾರೆ. ಆಪರೇಟರ್ ಒಳ್ಳೆಯವರೇ ಇರಬಹುದು, ಕೆಲಸ ಬೇಗ ಆಗಲಿ ಅಂತಲೇ ಹಾಗೆ ಮಾಡಿರಬಹುದು. ಆದರೂ ಮೊದಲ ದಿನವೇ ನಿಮ್ಮದನ್ನು ನಿಮ್ಮ ಬ್ಯಾಗಿಗೆ ಹಾಕಿಕೊಳ್ಳಿ. ಅಧ್ಯಕ್ಷರದನ್ನು ಅಧ್ಯಕ್ಷರ ಕೈಗೆ ಕೊಟ್ಟು, ಇದು ಏನು, ಯಾಕೆ ಯಾರಿಗೂ ಕೊಡಬಾರದು ಅಂತ ಕೂತು ವಿವರಿಸಿ. ಹಿಂದಿನ ಪಿಡಿಒ ಹೆಸರಿನ ನೋಂದಣಿ ರದ್ದಾಗಿದೆಯಾ ಅಂತಲೂ ನೋಡಿಕೊಳ್ಳಿ.

ಮೊದಲ ತಿಂಗಳು: ಬೆಳಗ್ಗೆ ಊರಲ್ಲಿ, ಮಧ್ಯಾಹ್ನ ಕಚೇರಿಯಲ್ಲಿ

ಕಡತ ಓದಿ ಊರನ್ನು ತಿಳಿದುಕೊಳ್ಳಲು ಆಗುವುದಿಲ್ಲ. ಒಂದೊಂದು ಹಳ್ಳಿಗೆ ಒಂದೊಂದು ಬೆಳಗ್ಗೆ ಇಟ್ಟುಕೊಳ್ಳಿ. ಆರು ಗಂಟೆಗೆ ನೀರುಗಂಟಿ ಮೋಟಾರ್ ಹಾಕುವ ಹೊತ್ತಿಗೆ ಅಲ್ಲಿರಿ. ಅವರ ಜೊತೆ ನಡೆಯಿರಿ. ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸುತ್ತಾರೆ, ಯಾವ ಬೀದಿಗೆ ಮೊದಲು ನೀರು, ಕೊನೆಯ ಮನೆಗೆ ಬಿಂದಿಗೆ ತುಂಬುವಷ್ಟು ಬರುತ್ತದಾ, ನೋಡಿ. ಎತ್ತರದ ಬೀದಿಯವರು ಮೋಟಾರ್ ಹಚ್ಚಿ ನೇರ ಪೈಪಿನಿಂದ ಎಳೆಯುತ್ತಿರುತ್ತಾರೆ. ಕೆಳಗಿನ ಕೇರಿಯವರು ಕೊಡ ಹಿಡಿದು ಕಾಯುತ್ತಿರುತ್ತಾರೆ. ಯಾರ ಮನೆ ಮುಂದೆ ವಾಲ್ವ್ ಜಾಸ್ತಿ ಹೊತ್ತು ತೆರೆದಿರುತ್ತದೆ ಅನ್ನುವುದರಲ್ಲೇ ಆ ಊರಿನ ರಾಜಕೀಯ ಅರ್ಧ ಗೊತ್ತಾಗುತ್ತದೆ. ಅವತ್ತು ಯಾರಿಗೂ ಏನೂ ಭರವಸೆ ಕೊಡಬೇಡಿ. ಕೇಳಿ, ಬರೆದುಕೊಳ್ಳಿ, ಸಾಕು.

ಇದಕ್ಕೆ ಇನ್ನೊಂದು ಲಾಭವೂ ಇದೆ. ನೀರುಗಂಟಿಗೆ ಹೊಸ ಸಾಹೇಬರು ತನ್ನ ಕೆಲಸ ನೋಡಲು ಬಂದರು ಅನ್ನಿಸುತ್ತದೆ. ಪಂಚಾಯಿತಿಯಲ್ಲಿ ಅತ್ಯಂತ ಕಡಿಮೆ ಗೌರವ ಸಿಗುವುದು ಅವರಿಗೆ ಮತ್ತು ಸ್ವಚ್ಛತಾ ಕೆಲಸದವರಿಗೆ. ನಿಮ್ಮ ಆಡಳಿತದ ಹೆಸರು ನಿಂತಿರುವುದೂ ಅವರ ಮೇಲೇ. ಅವರ ಸಂಬಳ ಯಾವ ತಿಂಗಳಿನವರೆಗೆ ಆಗಿದೆ ಅಂತ ಮೊದಲ ವಾರದಲ್ಲೇ ವಿಚಾರಿಸಿ. ಬಾಕಿ ಇದ್ದರೆ ನಿಮ್ಮ ಮೊದಲ ಕಡತ ಅದೇ ಆಗಲಿ.

ಮಧ್ಯಾಹ್ನ ಕಚೇರಿಯಲ್ಲಿ ಬಾಕಿ ಅರ್ಜಿಗಳನ್ನು ತೆಗೆಸಿ. ಹೆಚ್ಚಿನ ಕಡೆ ದೊಡ್ಡ ಕಂತೆ ಇ-ಸ್ವತ್ತಿನದ್ದೇ. ಆಸ್ತಿ ದಾಖಲೆಯ ನಮೂನೆ 9 ಮತ್ತು 11ಕ್ಕೆ ಬಂದ ಅರ್ಜಿಗಳನ್ನು ಮೂರು ಭಾಗ ಮಾಡಿಸಿ: ನಮ್ಮ ಕಚೇರಿಯಲ್ಲೇ ನಿಂತವು, ಅರ್ಜಿದಾರರು ದಾಖಲೆ ಕೊಡದೆ ನಿಂತವು, ಸರ್ವೆ ನಕ್ಷೆ ಬಾರದೆ ನಿಂತವು. ಎಲ್ಲ ಸೇರಿ ಒಂದೇ ಕಂತೆಯಾಗಿದ್ದಾಗ ಬೆಟ್ಟದಷ್ಟು ಕಾಣುವುದು ಹೀಗೆ ಬೇರೆ ಮಾಡಿದ ಮೇಲೆ ಅರ್ಧ ಇಳಿಯುತ್ತದೆ. ಮೊದಲ ಭಾಗ ನಿಮ್ಮ ಕೈಯಲ್ಲೇ ಇದೆ. ಎರಡನೆಯದಕ್ಕೆ ಫೋನ್ ಮಾಡಿ, ಯಾವ ದಾಖಲೆ ಬೇಕು ಅಂತ ಚೀಟಿ ಬರೆದು ಕೊಡಿಸಿ. ಮೂರನೆಯದರ ಪಟ್ಟಿ ಮಾಡಿ ಸರ್ವೆ ಇಲಾಖೆಗೂ ನಿಮ್ಮ ಇಒ (ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೂ ಕಳಿಸಿ. ಜನಕ್ಕೂ ಅಷ್ಟೇ, 'ನಾಳೆ ಬನ್ನಿ' ಅನ್ನುವುದಕ್ಕಿಂತ 'ನಿಮ್ಮದು ಇಲ್ಲಿ ನಿಂತಿದೆ' ಅನ್ನುವ ಮಾತಿನಲ್ಲಿ ನಂಬಿಕೆ ಬರುತ್ತದೆ.

ನಿಯಮ ಓದುವ ಬಗೆ

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993 ದಪ್ಪ ಪುಸ್ತಕ. ಪರೀಕ್ಷೆಗೆ ಓದಿದ ಹಾಗೆ ಮೊದಲಿನಿಂದ ಕೊನೆಯವರೆಗೆ ಮತ್ತೆ ಓದಲು ಹೋದರೆ ಎರಡೇ ದಿನಕ್ಕೆ ಬಿಡುತ್ತೀರಿ. ಮೇಜಿಗೆ ಬಂದ ಕಡತದ ಜೊತೆ ಓದಿ. ಕಟ್ಟಡ ಪರವಾನಗಿ ಕಡತ ಬಂತು ಅಂದರೆ ಅವತ್ತು ಅದಕ್ಕೆ ಸಂಬಂಧಪಟ್ಟ ಪ್ರಕರಣ, ಅಂದರೆ ಸೆಕ್ಷನ್ ಓದಿ, ಅದರ ಸಂಖ್ಯೆಯನ್ನು ಟಿಪ್ಪಣಿಯಲ್ಲಿ ಬರೆಯಿರಿ. 58ನೇ ಪ್ರಕರಣವನ್ನು ಮಾತ್ರ ಮೊದಲೇ ಓದಿಬಿಡಿ. ಗ್ರಾಮ ಪಂಚಾಯಿತಿ ಏನೇನು ಮಾಡಬೇಕು ಅನ್ನುವುದು ಅಲ್ಲಿದೆ. 'ಇದು ನಮ್ಮ ಕೆಲಸ ಅಲ್ಲ' ಅಂತ ಯಾರಾದರೂ ಹೇಳಿದಾಗ ಅದು ನಿಜವಾ ಸುಳ್ಳಾ ಅಂತ ನಿಮಗೆ ಗೊತ್ತಿರಬೇಕು.

ಇದರ ಜೊತೆಗೆ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕಾದವು: ಗ್ರಾಮ ಪಂಚಾಯಿತಿ ಆಯವ್ಯಯ ಮತ್ತು ಲೆಕ್ಕಪತ್ರ ನಿಯಮಗಳು 2006, ಪಾರದರ್ಶಕತೆ ಕಾಯ್ದೆ ಅಂತ ಎಲ್ಲರೂ ಕರೆಯುವ ಕೆಟಿಪಿಪಿ ಕಾಯ್ದೆ 1999 (ಸರ್ಕಾರಿ ಖರೀದಿ, ಟೆಂಡರುಗಳ ಕಾನೂನು), ಮಾಹಿತಿ ಹಕ್ಕು ಕಾಯ್ದೆ 2005, ಸಕಾಲ ಕಾಯ್ದೆ 2011 (ನಿಗದಿತ ದಿನದೊಳಗೆ ಸೇವೆ ಕೊಡಬೇಕು ಅನ್ನುವ ಕಾನೂನು), ನಿಮ್ಮ ಸ್ವಂತ ರಕ್ಷಣೆಗೆ ಕೆಸಿಎಸ್ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು) ಮತ್ತು 2021ರ ನಡತೆ ನಿಯಮಗಳು. ಒಂದು ದೊಡ್ಡ ಕಾಮಗಾರಿಯನ್ನು ತುಂಡು ತುಂಡು ಮಾಡಿ ಟೆಂಡರ್ ತಪ್ಪಿಸುವುದು ಹಳ್ಳಿ ಮಟ್ಟದಲ್ಲಿ ಮಾಮೂಲಿ ಅನ್ನುವ ಹಾಗೆ ನಡೆಯುತ್ತದೆ. 'ಹಿಂದಿನಿಂದಲೂ ಹೀಗೇ ಸಾರ್' ಅನ್ನುತ್ತಾರೆ. ಕೆಟಿಪಿಪಿ ಓದಿದವರಿಗೆ ಅದು ತಪ್ಪು ಅಂತ ಗೊತ್ತಿರುತ್ತದೆ. ಓದದವರು ಅದಕ್ಕೆ ಸಹಿ ಹಾಕುತ್ತಾರೆ.

ದಿನಾಂಕಗಳ ವಿಷಯದಲ್ಲಿ ತಲೆಯನ್ನು ನಂಬಬೇಡಿ, ಗೋಡೆಯ ಕ್ಯಾಲೆಂಡರ್ ನಂಬಿ. ಪಂಚಾಯಿತಿಯಲ್ಲಿ ಸಾರ್ವಜನಿಕ ಮಾಹಿತಿ ಅಧಿಕಾರಿ ನೀವೇ. ಅರ್ಜಿ ಬಂದ 30 ದಿನದೊಳಗೆ ಉತ್ತರ ಹೋಗಬೇಕು. ತಡವಾದರೆ ಮಾಹಿತಿ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕಬಹುದು, ಅದು ನಿಮ್ಮ ಸಂಬಳದಿಂದಲೇ ಹೋಗುತ್ತದೆ. ಸಕಾಲದಲ್ಲಿ ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ಬೆಳಗ್ಗೆ ಕೂತ ತಕ್ಷಣ ಸಕಾಲದ ಬಾಕಿ ಪಟ್ಟಿ ತೆರೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ, ವಾಟ್ಸಾಪ್ ಆಮೇಲೆ.

ಸುತ್ತೋಲೆಗಳಿಗೆ ವಿಷಯವಾರು ಫೈಲ್ ಇಡಿ. ತಿಂಗಳುವಾರು ಜೋಡಿಸಿದರೆ ಬೇಕಾದಾಗ ಸಿಗುವುದಿಲ್ಲ.

ಸಿಬ್ಬಂದಿಯನ್ನು ಬೆಳೆಸುವುದು

ಕಾರ್ಯದರ್ಶಿ, ಲೆಕ್ಕ ಸಹಾಯಕರು, ಕರ ವಸೂಲಿಗಾರರು, ಆಪರೇಟರ್, ಜವಾನ, ನೀರುಗಂಟಿಗಳು, ಸ್ವಚ್ಛತಾ ಕೆಲಸದವರು. ಒಂದು ಪಂಚಾಯಿತಿಯಲ್ಲಿ ಇರುವುದು ಇಷ್ಟೇ ಜನ. ಎಷ್ಟೋ ಕಡೆ ಇದರಲ್ಲೂ ಕೆಲವು ಹುದ್ದೆ ಖಾಲಿ. ಹೀಗಿರುವಾಗ ಎಲ್ಲವನ್ನೂ ತಾವೇ ಮಾಡಿಬಿಡೋಣ ಅಂತ ಹೊಸ ಪಿಡಿಒಗೆ ಅನ್ನಿಸುವುದು ಸಹಜ. ಆರು ತಿಂಗಳಲ್ಲಿ ಸುಸ್ತಾಗುತ್ತಾರೆ, ಅಷ್ಟರಲ್ಲಿ ಸಿಬ್ಬಂದಿ ಕೈಕಟ್ಟಿ ಕೂರುವುದನ್ನು ಕಲಿತಿರುತ್ತಾರೆ.

ಯಾರು ಏನು ಮಾಡಬೇಕು ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಕಾರ್ಯಹಂಚಿಕೆ ಆದೇಶ ಮಾಡಿ. ಸೋಮವಾರ ಬೆಳಗ್ಗೆ ಇಪ್ಪತ್ತು ನಿಮಿಷ ಎಲ್ಲರೂ ಸೇರಿ. ಹೋದ ವಾರ ಏನಾಯಿತು, ಈ ವಾರ ಏನಾಗಬೇಕು, ಯಾರಿಗೆ ಎಲ್ಲಿ ತೊಂದರೆ. ನಿಂತುಕೊಂಡೇ ಮುಗಿಸಬಹುದು. ಬೈಯುವುದಿದ್ದರೆ ಒಬ್ಬರನ್ನೇ ಕರೆದು ಹೇಳಿ, ಮೆಚ್ಚುವುದಿದ್ದರೆ ಎಲ್ಲರ ಮುಂದೆ, ಸಾಧ್ಯವಾದರೆ ಸಾಮಾನ್ಯ ಸಭೆಯಲ್ಲಿ ಹೇಳಿ. ಅರ್ಜಿದಾರರ ಮುಂದೆ ಸಿಬ್ಬಂದಿಯನ್ನು ಬೈದರೆ ಅರ್ಜಿದಾರರಿಗೆ ಖುಷಿಯಾಗಬಹುದು. ಮರುದಿನದಿಂದ ಆ ಸಿಬ್ಬಂದಿ ನಿಮ್ಮ ಕೆಲಸವನ್ನು ನಿಧಾನವಾಗಿ ಮಾಡುತ್ತಾರೆ.

ವಯಸ್ಸಿನಲ್ಲಿ ಹಿರಿಯರಾದ ಕರ ವಸೂಲಿಗಾರರನ್ನು ಹೇಗೆ ಕರೆಯುವುದು ಅಂತ ಅನೇಕರಿಗೆ ಗೊಂದಲ. 'ಅಣ್ಣಾ', 'ಯಜಮಾನ್ರೇ' ಅಂತ ಊರಿನ ರೂಢಿಯಲ್ಲೇ ಕರೆಯಿರಿ, ತೊಂದರೆಯಿಲ್ಲ. ಏಕವಚನ ಮಾತ್ರ ಬೇಡ. ಅವರ ಕೆಲಸದ ಲೆಕ್ಕವನ್ನು ಅಷ್ಟೇ ಗಟ್ಟಿಯಾಗಿ ಕೇಳಿ. ಮರ್ಯಾದೆ ಕೊಟ್ಟ ಮಾತ್ರಕ್ಕೆ ಲೆಕ್ಕ ಬಿಡಬೇಕಿಲ್ಲ. ಕರ ವಸೂಲಿಗಾರರಿಗೆ ಮೇಲಿನ ಹುದ್ದೆಗೆ ಹೋಗುವ ದಾರಿ ನಿಯಮಗಳಲ್ಲಿದೆ. ಅದಕ್ಕೆ ಏನು ಅರ್ಹತೆ ಬೇಕು ಅಂತ ಅವರಿಗೆ ತಿಳಿಸಿ, ಪರೀಕ್ಷೆಗೆ ಓದಲು ಹುರಿದುಂಬಿಸಿ. ತನ್ನ ಬೆಳವಣಿಗೆ ಬಗ್ಗೆ ಯೋಚಿಸಿದ ಅಧಿಕಾರಿಯನ್ನು ಯಾರೂ ಸುಲಭಕ್ಕೆ ಮರೆಯುವುದಿಲ್ಲ.

ಅಧ್ಯಕ್ಷರು, ಸದಸ್ಯರು ಮತ್ತು 'ಇಲ್ಲ' ಅನ್ನುವುದು

ನಮ್ಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಮೊದಲ ಸಲ ಗೆದ್ದು ಬಂದ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಅವರ ಗಂಡನೋ ಮೈದುನನೋ ಕೂತು ಮಾತಾಡುವುದನ್ನು ನೀವು ನೋಡೇ ನೋಡುತ್ತೀರಿ. ಸುಮ್ನೆ ಒಪ್ಪಿಕೊಂಡು ಹೋಗುವುದು ಸುಲಭದ ದಾರಿ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಕಡತವನ್ನು ಅಧ್ಯಕ್ಷೆಯ ಕೈಗೇ ಕೊಡಿ. ಫೋನ್ ಅವರ ನಂಬರಿಗೇ ಮಾಡಿ. ಸಭೆಗೆ ಎರಡು ದಿನ ಮುಂಚೆ ಅವರ ಜೊತೆ ಅರ್ಧ ಗಂಟೆ ಕೂತು ಒಂದೊಂದು ವಿಷಯವನ್ನೂ ಓದಿ ಹೇಳಿ, ಎಷ್ಟು ದುಡ್ಡು, ಯಾವ ಅನುದಾನ, ಯಾರಿಗೆ ಲಾಭ ಅಂತ. ಎರಡು ಮೂರು ಸಭೆ ಕಳೆಯುವಷ್ಟರಲ್ಲಿ ಅವರೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಆಮೇಲೆ ನಿಮ್ಮ ಕೆಲಸ ಹಗುರ. ಗಂಡನಿಗೆ ಜಗಳವಾಡಿ ಹೇಳಬೇಕಿಲ್ಲ, 'ಸಾರ್, ಸಹಿ ಮೇಡಂದು, ನಾಳೆ ಆಕ್ಷೇಪಣೆ ಬಂದರೂ ಅವರಿಗೇ ಬರೋದು' ಅಂದರೆ ಅರ್ಥವಾಗುತ್ತದೆ.

ನಿಯಮಕ್ಕೆ ಹೊಂದದ ಬೇಡಿಕೆ ಬಂದಾಗ ಮುಖಕ್ಕೆ ಹೊಡೆದ ಹಾಗೆ 'ಆಗಲ್ಲ' ಅನ್ನಬೇಡಿ, 'ನೋಡೋಣ' ಅಂತ ತಳ್ಳಲೂ ಬೇಡಿ. ಕಡತದಲ್ಲಿ ಬರೆಯಿರಿ. ಒಬ್ಬ ಸದಸ್ಯರು ತಮ್ಮ ಬೀದಿಯ ಚರಂಡಿಯನ್ನು ಕೂಡಲೇ ಮಾಡಿಸಿ ಅಂತ ಒತ್ತಾಯಿಸುತ್ತಿದ್ದಾರೆ ಅಂದುಕೊಳ್ಳಿ. ಟಿಪ್ಪಣಿ ಹೀಗಿರಬಹುದು:

'ಸದರಿ ಬೀದಿಯ ಸ್ಥಳ ಪರಿಶೀಲಿಸಲಾಗಿದೆ. ಚರಂಡಿ ಇಲ್ಲದೆ ಮಳೆನೀರು ಮನೆಗಳಿಗೆ ನುಗ್ಗುತ್ತಿರುವುದು ನಿಜ. ಕಾಮಗಾರಿಯು ಪ್ರಸಕ್ತ ಸಾಲಿನ ಅನುಮೋದಿತ ಕ್ರಿಯಾಯೋಜನೆಯಲ್ಲಿ ಇರುವುದಿಲ್ಲ. ಪೂರಕ ಕ್ರಿಯಾಯೋಜನೆಗೆ ಸೇರಿಸುವ ಬಗ್ಗೆ ಮುಂದಿನ ಸಾಮಾನ್ಯ ಸಭೆಯ ಮುಂದೆ ಮಂಡಿಸಬಹುದು. ತಾತ್ಕಾಲಿಕವಾಗಿ ಮಣ್ಣಿನ ಕಾಲುವೆ ತೆಗೆಸಬಹುದು.'

ಇದರಲ್ಲಿ ಸಮಸ್ಯೆ ನಿಜ ಅಂತ ಒಪ್ಪಿಕೊಂಡಿದ್ದೀರಿ, ಈಗ ಯಾಕೆ ಆಗುವುದಿಲ್ಲ ಅಂತ ಹೇಳಿದ್ದೀರಿ, ಹೇಗೆ ಆಗಬಹುದು ಅನ್ನುವ ದಾರಿಯನ್ನೂ ತೋರಿಸಿದ್ದೀರಿ. ಸದಸ್ಯರಿಗೆ ಊರಿಗೆ ಹೋಗಿ ಹೇಳಲು ಏನೋ ಒಂದು ಸಿಕ್ಕಿತು. ಮೇಲಿನಿಂದ ಬಾಯಿಮಾತಿನ ಆದೇಶ ಬಂದರೂ ಇದೇ ದಾರಿ: 'ದೂರವಾಣಿಯಲ್ಲಿ ಸೂಚಿಸಿದಂತೆ' ಅಂತ ದಿನಾಂಕ, ಸಮಯ ಹಾಕಿ ಬರೆದು, ಲಿಖಿತ ಆದೇಶ ಕೋರಿ ಅವತ್ತೇ ಕಳಿಸಿ.

ಸಭೆಯ ನಡವಳಿಯನ್ನು ಸಭೆ ಮುಗಿದ ದಿನವೇ ಬರೆದು ಸಹಿ ಮಾಡಿಸಿ. ಖಾಲಿ ಜಾಗ ಬಿಟ್ಟು ಆಮೇಲೆ ತುಂಬುವ ಅಭ್ಯಾಸ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಒಂದಲ್ಲ ಒಂದು ದಿನ ವಿಚಾರಣೆ ನಡೆಯುತ್ತದೆ. ಚುನಾಯಿತ ಅವಧಿ ಮುಗಿದು ಆಡಳಿತಾಧಿಕಾರಿ ಇರುವ ಸಮಯದಲ್ಲೂ ಗ್ರಾಮ ಸಭೆ ಬಿಡಬೇಡಿ. ಜನರ ಮಾತು ಕೇಳಲು ಆಗ ಉಳಿಯುವ ಜಾಗ ಅದೊಂದೇ.

ತರಬೇತಿಗೆ ಹೋಗುವಾಗ

ಪಂಚಾಯತ್ ರಾಜ್ ಕೆಲಸಕ್ಕೆ ನಮ್ಮ ರಾಜ್ಯದ ಮುಖ್ಯ ತರಬೇತಿ ಮನೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆ. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ನಜೀರ್ ಸಾಬ್ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ 'ನೀರ್ ಸಾಬ್' ಅನ್ನಿಸಿಕೊಂಡವರು. 1983ರ ಪಂಚಾಯತ್ ಕಾನೂನಿನ ಮೂಲಕ ಜಿಲ್ಲಾ ಪರಿಷತ್ತಿಗೂ ಮಂಡಲ ಪಂಚಾಯಿತಿಗೂ ನಿಜವಾದ ಅಧಿಕಾರ ಕೊಡಿಸಿದವರೂ ಅವರೇ. ದೇಶದಲ್ಲಿ ಪಂಚಾಯಿತಿಗಳಿಗೆ ಸಂವಿಧಾನದ ಮಾನ್ಯತೆ ಕೊಟ್ಟ 73ನೇ ತಿದ್ದುಪಡಿ ಬರುವ ಮೊದಲಿನ ಮಾತಿದು. ಸಂಸ್ಥೆಗೆ ಅವರ ಹೆಸರಿಟ್ಟಿರುವುದು ಯಾಕೆ ಅಂತ ಅಲ್ಲಿಗೆ ಹೋಗುವ ಪ್ರತಿ ಪಿಡಿಒಗೂ ಗೊತ್ತಿರಬೇಕು ಅಂತ ನನ್ನ ಆಸೆ. ಮೈಸೂರಿನಲ್ಲೇ ಆಡಳಿತ ತರಬೇತಿ ಸಂಸ್ಥೆ, ಅಂದರೆ ಎಟಿಐ ಕೂಡ ಇದೆ. ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಮಿಷನ್ ಕರ್ಮಯೋಗಿಗೆ ಕೇಂದ್ರ ಸಂಪುಟ 2020ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಐಗಾಟ್ ಕರ್ಮಯೋಗಿ ಅನ್ನುವ ಆನ್‌ಲೈನ್ ವೇದಿಕೆಯೂ ಬಂದಿದೆ. ಮೊಬೈಲಿನಲ್ಲೇ ಕೋರ್ಸ್ ಮಾಡಬಹುದು.

ಕರೆ ಬರಲಿ ಅಂತ ಕಾಯಬೇಡಿ. ನಿಮಗೆ ಯಾವ ವಿಷಯ ಬರುವುದಿಲ್ಲವೋ ಅದನ್ನು ಹೆಸರಿಸಿ, ಆ ತರಬೇತಿಗೆ ನಿಯೋಜಿಸಿ ಅಂತ ಇಒ ಮೂಲಕ ಜಿಲ್ಲಾ ಪಂಚಾಯಿತಿಗೆ ಪತ್ರ ಬರೆಯಿರಿ. ಹೋಗುವಾಗ ಬಿಡಿಸಲಾಗದ ಒಂದು ಕಡತದ ವಿವರವನ್ನು, ಹೆಸರು ತೆಗೆದು, ಬರೆದುಕೊಂಡು ಹೋಗಿ. ತರಗತಿಯಲ್ಲಿ ಕೇಳಿ. ಉಪನ್ಯಾಸಕರಿಗೆ ಉತ್ತರ ಗೊತ್ತಿಲ್ಲದಿದ್ದರೂ ಹಿಂದಿನ ಸಾಲಿನಲ್ಲಿ ಕೂತ ಬೇರೆ ಜಿಲ್ಲೆಯ ಪಿಡಿಒ ಅದನ್ನು ಬಿಡಿಸಿ ಬಂದಿರುತ್ತಾರೆ. ನನ್ನ ಪ್ರಕಾರ ಈ ತರಬೇತಿಗಳ ದೊಡ್ಡ ಲಾಭ ಊಟದ ಹೊತ್ತಿನ ಮಾತುಕತೆಯಲ್ಲಿದೆ. ವಾಪಸ್ ಬಂದ ವಾರದಲ್ಲೇ, ಕಲಿತದ್ದರಲ್ಲಿ ಒಂದನ್ನು ನಿಮ್ಮ ಸೋಮವಾರದ ಸಭೆಯಲ್ಲಿ ಸಿಬ್ಬಂದಿಗೆ ಹೇಳಿಕೊಡಿ. ಆನ್‌ಲೈನ್ ವಿಡಿಯೊವನ್ನು ಸದ್ದಿಲ್ಲದೆ ಓಡಲು ಬಿಟ್ಟು ಪ್ರಮಾಣಪತ್ರ ಸೇರಿಸಿಕೊಂಡರೆ ಏನೂ ಬರುವುದಿಲ್ಲ.

ನೋಡಿ ಕಲಿಯುವುದಕ್ಕೆ ದೂರ ಹೋಗಬೇಕಾಗಿಲ್ಲ. ನಿಮ್ಮ ತಾಲ್ಲೂಕಿನಲ್ಲೇ ಒಳ್ಳೆಯ ಪಂಚಾಯಿತಿಗಳಿಗೆ ಸರ್ಕಾರ ಕೊಡುವ ಗಾಂಧಿ ಗ್ರಾಮ ಪುರಸ್ಕಾರ ಪಡೆದ ಪಂಚಾಯಿತಿ ಯಾವುದು ಅಂತ ವಿಚಾರಿಸಿ, ಒಂದು ದಿನ ಹೋಗಿ ಬನ್ನಿ. ಪ್ರಶಸ್ತಿಯ ಫಲಕ ನೋಡಿ ಬರುವುದಲ್ಲ, ಅವರ ಡಿಸಿಬಿ, ಕಸ ವಿಲೇವಾರಿಯ ದಿನಚರಿ, ಸಿಬ್ಬಂದಿ ಸಂಬಳದ ಕಡತ ಕೇಳಿ ನೋಡಿ. ಸಾಧ್ಯವಾದರೆ ಕೇರಳದ ತ್ರಿಶೂರಿನಲ್ಲಿರುವ ಕಿಲಾ (ಸ್ಥಳೀಯ ಆಡಳಿತದ ತರಬೇತಿ ಸಂಸ್ಥೆ), ಹೈದರಾಬಾದಿನ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಸಂಸ್ಥೆಯ ಕಾರ್ಯಕ್ರಮಗಳಿಗೂ ಹೆಸರು ಕೊಡಿ.

ಒಬ್ಬ ಹಿರಿಯರು, ನಾಲ್ಕು ಜನ ಜೊತೆಗಾರರು

ಇದು ಈ ಲೇಖನದ ಅತಿ ಮುಖ್ಯ ಭಾಗ ಅಂತ ನಾನು ನಂಬಿದ್ದೇನೆ.

ನಿಮ್ಮ ತಾಲ್ಲೂಕಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿ, ಹೆಸರು ಕೆಡಿಸಿಕೊಳ್ಳದ ಒಬ್ಬ ಪಿಡಿಒ ಇದ್ದೇ ಇರುತ್ತಾರೆ. ಅವರನ್ನು ಹುಡುಕಿ. 'ಸಾರ್, ನನಗೆ ಮಾರ್ಗದರ್ಶನ ಕೊಡಿ' ಅಂತ ದೊಡ್ಡದಾಗಿ ಕೇಳಿದರೆ ಅವರಿಗೂ ಮುಜುಗರ. 'ಸಾರ್, ಜಮಾಬಂದಿಗೆ ತಯಾರಿ ಮಾಡ್ತಿದ್ದೀನಿ, ನಿಮ್ಮ ಹೋದ ವರ್ಷದ ಕಡತ ಒಂದ್ಸಲ ನೋಡಬಹುದಾ?' ಅಂತ ಕೇಳಿ. (ಜಮಾಬಂದಿ ಅಂದರೆ ಪಂಚಾಯಿತಿಯ ವರ್ಷದ ಲೆಕ್ಕ, ಕಾಮಗಾರಿಗಳನ್ನು ಜನರ ಮುಂದೆ ಪರಿಶೀಲಿಸುವುದು.) ಇಂಥ ಸಣ್ಣ ಕೇಳಿಕೆಗೆ ಯಾರೂ ಇಲ್ಲ ಅನ್ನುವುದಿಲ್ಲ. ಸಂಬಂಧ ಅಲ್ಲಿಂದ ಬೆಳೆಯುತ್ತದೆ. ಫೋನ್ ಮಾಡುವ ಮೊದಲು ನಿಯಮ ಓದಿ, ನಿಮ್ಮದೇ ಒಂದು ಅಭಿಪ್ರಾಯ ಇಟ್ಟುಕೊಂಡು ಮಾಡಿ. ಬರೀ 'ಏನ್ ಮಾಡ್ಲಿ ಸಾರ್' ಅಂತ ಕೇಳುತ್ತಲೇ ಇದ್ದರೆ ಅವರಿಗೆ ಬೇಸರ, ನಿಮಗೂ ಕಲಿಕೆಯಾಗುವುದಿಲ್ಲ.

ಇನ್ನು ಜೊತೆಗಾರರು. ತಾಲ್ಲೂಕಿನ ವಾಟ್ಸಾಪ್ ಗುಂಪು ಸುತ್ತೋಲೆ ತಲುಪಿಸಲು ಸರಿ, ಕಷ್ಟ ಹೇಳಿಕೊಳ್ಳಲು ಅದು ಜಾಗವಲ್ಲ. ನಿಮಗೆ ನಂಬಿಕೆಯಿರುವ ನಾಲ್ಕೈದು ಪಿಡಿಒಗಳು ತಿಂಗಳಿಗೊಮ್ಮೆ, ಪ್ರಗತಿ ಪರಿಶೀಲನಾ ಸಭೆ ಮುಗಿದ ಮೇಲೆ, ಹೇಗೂ ಎಲ್ಲರೂ ತಾಲ್ಲೂಕು ಕೇಂದ್ರದಲ್ಲೇ ಇರುತ್ತೀರಿ, ಒಂದು ಗಂಟೆ ಕೂತುಕೊಳ್ಳಿ. ಒಬ್ಬರು ಒಂದು ಕಡತ ಅಥವಾ ಒಂದು ತಕರಾರನ್ನು ಇಡಲಿ. ಉಳಿದವರು ಮೊದಲ ಹತ್ತು ನಿಮಿಷ ಪ್ರಶ್ನೆ ಮಾತ್ರ ಕೇಳಲಿ, ಸಲಹೆ ಬೇಡ. ಆಮೇಲೆ ಪ್ರತಿಯೊಬ್ಬರೂ ತಾವಾಗಿದ್ದರೆ ಏನು ಮಾಡುತ್ತಿದ್ದೆವು ಅಂತ ಹೇಳಲಿ. ಅಲ್ಲಿ ಆಡಿದ ಮಾತು ಅಲ್ಲೇ ಇರಬೇಕು. ಎರಡು ಪಂಚಾಯಿತಿಗಳ ಪ್ರಭಾರ ಹೊತ್ತು ಒದ್ದಾಡುವವರಿಗೆ, ಹಿಂದಿನವರ ಕಾಲದ ತಪ್ಪಿಗೆ ನೋಟಿಸ್ ಬಂದು ನಿದ್ದೆಗೆಟ್ಟವರಿಗೆ ಈ ಒಂದು ಗಂಟೆ ಔಷಧಿಯ ಹಾಗೆ ಕೆಲಸ ಮಾಡುತ್ತದೆ.

ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ರಾತ್ರಿ ಹೊತ್ತಿನ ಫೋನ್, ಕಚೇರಿಯಲ್ಲಿ ಅಸಭ್ಯ ಮಾತು, ಒಬ್ಬರೇ ಸ್ಥಳ ಪರಿಶೀಲನೆಗೆ ಬನ್ನಿ ಅನ್ನುವ ಒತ್ತಾಯ, ಇವುಗಳನ್ನು 'ಹಳ್ಳಿ ಅಂದ್ರೆ ಹಿಂಗೇ' ಅಂತ ನುಂಗಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಪ್ರಕಾರ ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಬೇಕು. ಅದಕ್ಕಿಂತ ಕಡಿಮೆ ಜನ ಇರುವ ಕಚೇರಿಯವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸ್ಥಳ ಪರಿಶೀಲನೆಗೆ ಸಿಬ್ಬಂದಿಯನ್ನು ಜೊತೆಗೆ ಕರೆದುಕೊಂಡು ಹೋಗುವುದು, ಹೋಗುವ ಮೊದಲು ಕಚೇರಿಯ ಚಲನವಲನ ಪುಸ್ತಕದಲ್ಲಿ ಬರೆಯುವುದು ನಿಮ್ಮ ಹಕ್ಕು ಕೂಡ ಹೌದು, ರಕ್ಷಣೆ ಕೂಡ ಹೌದು.

ಇಒ, ಸಿಇಒ (ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಸಾಹೇಬರಲ್ಲಿ ಒಂದು ಕೋರಿಕೆ

ಹೊಸ ಪಿಡಿಒ ಬೆಳೆಯುವುದು ಕುಗ್ಗುವುದು ಬಹಳ ಮಟ್ಟಿಗೆ ನಿಮ್ಮ ಕೈಯಲ್ಲಿದೆ. ವಿಡಿಯೊ ಕಾನ್ಫರೆನ್ಸಿನಲ್ಲಿ ಇಡೀ ಜಿಲ್ಲೆಯ ಮುಂದೆ ಅಂಕಿಅಂಶ ಓದಿ ಬೈದರೆ ಮುಂದಿನ ತಿಂಗಳು ಅಂಕಿ ಮೇಲೇರಬಹುದು, ಕೆಲಸ ಏರಿರುವುದಿಲ್ಲ. ಸುಳ್ಳು ವರದಿ ಹುಟ್ಟುವುದು ಈ ಭಯದಲ್ಲೇ. ಹಿಂದೆ ಬಿದ್ದವರನ್ನು ಪ್ರತ್ಯೇಕ ಕರೆದು 'ಎಲ್ಲಿ ಸಿಕ್ಕಿಹಾಕಿಕೊಂಡಿದೆ?' ಅಂತ ಕೇಳಿ. ಉತ್ತರ ಅನೇಕ ಸಲ ನಿಮ್ಮ ಕಚೇರಿಯಲ್ಲೇ ನಿಂತ ಒಂದು ಅನುಮೋದನೆಯಾಗಿರುತ್ತದೆ.

ಹೊಸಬರು ಸೇರಿದ ಮೊದಲ ಮೂರು ತಿಂಗಳಲ್ಲಿ ಒಂದು ಸಲ ಅವರ ಪಂಚಾಯಿತಿಗೆ ಹೋಗಿ, ತಪಾಸಣೆಗೆ ಅಂತಲ್ಲ, ಜೊತೆಗೆ ಕೂರಲು. ಅಧ್ಯಕ್ಷರ ಮುಂದೆ 'ಇವರು ನಿಯಮದಂತೆ ನಡೆದರೆ ನಾನು ಇವರ ಹಿಂದೆ ಇರ್ತೀನಿ' ಅಂತ ಒಂದು ಮಾತು ಹೇಳಿ. ಆ ಒಂದು ಮಾತಿಗೆ ವಾರದ ತರಬೇತಿಗಿಂತ ಹೆಚ್ಚು ಬಲ ಇದೆ. ಸಾಧ್ಯವಿರುವ ಕಡೆ ಹೊಸಬರಿಗೆ ಮೊದಲ ವರ್ಷ ಇನ್ನೊಂದು ಪಂಚಾಯಿತಿಯ ಪ್ರಭಾರ ವಹಿಸಬೇಡಿ. ಕೇಳಿದ ರಜೆಯನ್ನು ಕೊಡಿ.

ಆರು ತಿಂಗಳಿಗೆ ಒಮ್ಮೆ ನೋಡಿಕೊಳ್ಳಲು

ಕಂದಾಯ ವಸೂಲಿ ಏರಿದೆಯಾ. ಬಾಕಿ ಅರ್ಜಿಗಳಲ್ಲಿ 'ನಮ್ಮಲ್ಲೇ ನಿಂತ' ಭಾಗ ಎಷ್ಟು ಉಳಿದಿದೆ. ಗ್ರಾಮ ಸಭೆಗೆ ಬಂದ ಜನರಲ್ಲಿ ಹೆಂಗಸರು ಎಷ್ಟು, ಕೆಳಗಿನ ಕೇರಿಯವರು ಮಾತಾಡಿದರಾ. ಹಳೇ ಆಡಿಟ್ ಆಕ್ಷೇಪಣೆಗಳಲ್ಲಿ ಎಷ್ಟಕ್ಕೆ ಉತ್ತರ ಹೋಯಿತು. ನಾಲ್ಕು ದಿನ ರಜೆ ಹಾಕಿದಾಗ ಕಚೇರಿ ನಡೆಯಿತಾ, ಅಥವಾ ಎಲ್ಲರೂ ನಿಮಗೇ ಫೋನ್ ಮಾಡುತ್ತಿದ್ದರಾ. ಕೊನೆಯ ಪ್ರಶ್ನೆಗೆ ಬರುವ ಉತ್ತರ ನಿಮ್ಮ ನಾಯಕತ್ವದ ಬಗ್ಗೆ ಯಾವ ಪ್ರಮಾಣಪತ್ರಕ್ಕಿಂತಲೂ ಸರಿಯಾಗಿ ಹೇಳುತ್ತದೆ.

ಇದನ್ನೆಲ್ಲ ಒಂದು ಪುಟದಲ್ಲಿ ಬರೆದಿಟ್ಟುಕೊಂಡರೆ ವಾರ್ಷಿಕ ಕಾರ್ಯನಿರ್ವಹಣಾ ವರದಿ ಬರೆಯುವಾಗಲೂ ಉಪಯೋಗಕ್ಕೆ ಬರುತ್ತದೆ. ಏನು ಮಾಡಿದೆವು ಅಂತ ಮಾರ್ಚ್ ಕೊನೆಯಲ್ಲಿ ನೆನಪಿಸಿಕೊಳ್ಳಲು ಕೂತರೆ ಅರ್ಧ ಮರೆತಿರುತ್ತದೆ.

ಮುಂದಿನ ಓದು

ಇಲಾಖಾ ಪರೀಕ್ಷೆಗಳನ್ನು ಕೆಪಿಎಸ್‌ಸಿ ನಡೆಸುತ್ತದೆ. ನಿಮ್ಮ ಹುದ್ದೆಗೆ ಯಾವ ಯಾವ ಪತ್ರಿಕೆ ಕಡ್ಡಾಯ ಅಂತ ಸೇರಿದ ತಿಂಗಳಲ್ಲೇ ತಿಳಿದುಕೊಂಡು, ಮೊದಲ ಅಧಿಸೂಚನೆಗೇ ಅರ್ಜಿ ಹಾಕಿ. ಲೆಕ್ಕಪತ್ರದ ವಿಷಯವನ್ನು ಮುಂದೂಡಬೇಡಿ. ಕೆಲಸ ಹೆಚ್ಚಾದಷ್ಟೂ ಓದಲು ಸಮಯ ಕಡಿಮೆಯಾಗುತ್ತದೆ, ಪಾಸಾಗದೆ ಉಳಿದರೆ ಬಡ್ತಿಯ ಹೊತ್ತಿಗೆ ತೊಡಕಾಗುತ್ತದೆ. ಪಿಡಿಒ ಹುದ್ದೆಯಿಂದ ತಾಲ್ಲೂಕು ಪಂಚಾಯಿತಿಯ ಸಹಾಯಕ ನಿರ್ದೇಶಕರ ಹುದ್ದೆಗೆ ದಾರಿಯಿದೆ.

ಅದಕ್ಕೂ ಮೇಲೆ ಓದುವ ಆಸೆ ಇದ್ದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಮತ್ತು ಇಗ್ನೊದಲ್ಲಿ ಸಾರ್ವಜನಿಕ ಆಡಳಿತದ ಕೋರ್ಸ್‌ಗಳಿವೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ದೂರಶಿಕ್ಷಣದಲ್ಲಿ ಕಾನೂನಿನ ಡಿಪ್ಲೊಮಾಗಳಿವೆ, ಕಡತ ಬರೆಯುವವರಿಗೆ ಅದು ತುಂಬಾ ನೆರವಾಗುತ್ತದೆ. ಯಾವುದಕ್ಕೇ ಸೇರುವುದಿದ್ದರೂ ಶುಲ್ಕ ಕಟ್ಟುವ ಮೊದಲು ಇಲಾಖೆಯ ಅನುಮತಿಯನ್ನು ಬರವಣಿಗೆಯಲ್ಲಿ ಕೇಳಿ. ಅರ್ಜಿಯ ಒಂದು ಪ್ರತಿಗೆ ಟಪಾಲು ವಿಭಾಗದಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ನಿಮ್ಮ ಬಳಿ ಇಟ್ಟುಕೊಳ್ಳಿ.